ಅಮ್ಮನ ಫೋನಿನಲ್ಲಿರುವ ಅವಿಭಾಜ್ಯ ಸಂಖ್ಯೆ



ಕನ್ನಡ ಸಮ್ಮೇಳನದ ಮುಖ್ಯ ಭಾಷಣವೆಂದರೆ ಭಾಷೆ, ಮಕ್ಕಳು, ಹಬ್ಬ, ಊರಿನ ನೆನಪು ಎಂದು ನಿರೀಕ್ಷಿಸಿ ಬಂದಿರುತ್ತೀರಿ. ಸಂಘಟಕರು ನನಗೆ ‘ನಿಮ್ಮ ಕೆಲಸದ ವಿಷಯವನ್ನೇ ಹೇಳಿ, ಆದರೆ ಪೂರ್ತಿ ಕನ್ನಡದಲ್ಲಿ ಹೇಳಿ’ ಎಂದರು. ನನ್ನ ಕೆಲಸ ಕಂಪ್ಯೂಟರ್ ಭದ್ರತೆಯದು. ಹಾಗಾಗಿ ಇವತ್ತು ಒಂದೇ ಒಂದು ಸಂಖ್ಯೆಯ ಬಗ್ಗೆ ಮಾತಾಡುತ್ತೇನೆ. ಊರಿನ ವಿಷಯ ಅದರೊಳಗೇ ಬರುತ್ತದೆ.

2024ರ ಅಕ್ಟೋಬರ್‌ನಲ್ಲಿ ಪತ್ರಿಕೆಗಳಲ್ಲೆಲ್ಲ ಒಂದು ಸುದ್ದಿ ಬಂದಿತ್ತು. ಅಮೆರಿಕದ ಲೂಕ್ ಡ್ಯುರಾಂಟ್ ಎನ್ನುವವರು ಅದುವರೆಗೆ ತಿಳಿದಿದ್ದ ಎಲ್ಲ ಅವಿಭಾಜ್ಯ ಸಂಖ್ಯೆಗಳಿಗಿಂತ ದೊಡ್ಡದನ್ನು ಪತ್ತೆ ಮಾಡಿದ್ದರು. 13,62,79,841 ಎರಡುಗಳನ್ನು ಒಂದಕ್ಕೊಂದು ಗುಣಿಸಿ, ಕೊನೆಗೆ ಒಂದು ಕಳೆದರೆ ಬರುವ ಸಂಖ್ಯೆ ಅದು. ಅದರಲ್ಲಿ 4,10,24,320 ಅಂಕಿಗಳಿವೆ. ಸೆಕೆಂಡಿಗೊಂದು ಅಂಕಿಯಂತೆ ಊಟ ನಿದ್ದೆ ಬಿಟ್ಟು ಓದಿದರೂ ಸುಮಾರು 475 ದಿನ ಹಿಡಿಯುತ್ತದೆ. ಅದೇ ವರ್ಷ ಬೆಂಗಳೂರಿನಲ್ಲಿ 123 ಅಡಿ ಉದ್ದದ ದೋಸೆ ಹುಯ್ದು ಗಿನ್ನಿಸ್ ದಾಖಲೆ ಮಾಡಿದ್ದರು. ಎರಡೂ ಸಾಧನೆಗಳೇ. ಆದರೆ ಬೆಳಗಿನ ತಿಂಡಿಗೆ ನಾವು ತಿನ್ನುವುದು ಹೆಂಚಿನಗಲದ ದೋಸೆಯನ್ನು.

ಹೆಂಚಿನಗಲದ ಅವಿಭಾಜ್ಯ ಸಂಖ್ಯೆ ಒಂದಿದೆ. ಅದನ್ನು ಪೂರ್ತಿ ಬರೆದರೆ ಹೀಗಿರುತ್ತದೆ:

57896044618658097711785492504343953926634992332820282019728792003956564819949

ಒಟ್ಟು 77 ಅಂಕಿ. ಎರಡರ 255ನೇ ಘಾತದಿಂದ 19 ಕಳೆದರೆ ಬರುವುದು ಇದೇ. ನೀವು ಹ್ಯಾರಿಸ್ ಪಾರ್ಕಿನಲ್ಲೋ ಪಾಯಿಂಟ್ ಕುಕ್‌ನಲ್ಲೋ ಕೂತು ವಾಟ್ಸ್‌ಆ್ಯಪ್‌ನಲ್ಲಿ ಅಮ್ಮನಿಗೆ ಕರೆ ಮಾಡಿದಾಗ, ನಿಮ್ಮ ಮಾತು ಬೇರೆಯವರ ಕಿವಿಗೆ ಬೀಳದಂತೆ ಕಾಯುವ ಲೆಕ್ಕ ನಡೆಯುವುದು ಈ ಸಂಖ್ಯೆಯ ಮೇಲೆ. ಸಿಗ್ನಲ್ ಆ್ಯಪ್‌ನಲ್ಲೂ ಇದೇ. ಬ್ಯಾಂಕಿನ ಪುಟ ತೆರೆದಾಗಲೂ ಬಹಳಷ್ಟು ಸಲ ಇದೇ. ಮುಖ್ಯ ಸಂಗತಿಯೆಂದರೆ ಇದು ಗುಟ್ಟಿನ ಸಂಖ್ಯೆಯಲ್ಲ. ಪುಸ್ತಕಗಳಲ್ಲಿ ಅಚ್ಚಾಗಿದೆ, ಈಗ ಈ ಸಭೆಯಲ್ಲೂ ಓದಿದ್ದಾಯಿತು. ಲೋಕಕ್ಕೆಲ್ಲ ಗೊತ್ತಿರುವ ಸಂಖ್ಯೆಯೊಂದು ನಮ್ಮ ಮನೆಯ ಗುಟ್ಟನ್ನು ಕಾಯುವುದು ಹೇಗೆ ಎಂಬುದೇ ಇವತ್ತಿನ ಪ್ರಶ್ನೆ.

ಅವಿಭಾಜ್ಯ ಎಂದರೆ ಏನು ಎನ್ನುವುದನ್ನು ಮಗ್ಗಿಯಿಂದಲೇ ಶುರು ಮಾಡೋಣ. ‘ಎರಡೊಂದ್ಲ ಎರಡು, ಎರಡೆರಡ್ಲ ನಾಕು’ ಎಂದು ಹಾಡಿದವರು ನಾವು. 12 ಎರಡರ ಮಗ್ಗಿಯಲ್ಲಿ ಬರುತ್ತದೆ, ಮೂರರ ಮಗ್ಗಿಯಲ್ಲೂ ಬರುತ್ತದೆ. 23 ಮಾತ್ರ ತನ್ನದೇ ಮಗ್ಗಿಯ ಮೊದಲ ಸಾಲು ಬಿಟ್ಟರೆ, ಒಂದರ ಮಗ್ಗಿಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, ಯಾರ ಮಗ್ಗಿಯಲ್ಲೂ ಸಿಗುವುದಿಲ್ಲ. ಅಂಥವು ಅವಿಭಾಜ್ಯ ಸಂಖ್ಯೆಗಳು. ಅವಕ್ಕೆ ಕೊನೆಯಿಲ್ಲ ಎಂದು ಯೂಕ್ಲಿಡ್ ಎರಡು ಸಾವಿರ ವರ್ಷಕ್ಕೂ ಹಿಂದೆಯೇ ತೋರಿಸಿದ. ದೊಡ್ಡದಾದಂತೆ ವಿರಳವಾಗುತ್ತವೆ, ಆದರೆ ನಾವು ಅಂದುಕೊಂಡಷ್ಟು ವಿರಳವಲ್ಲ. ನಮ್ಮ 77 ಅಂಕಿಯ ಆಸುಪಾಸಿನಲ್ಲೂ ಸರಾಸರಿ 177 ಸಂಖ್ಯೆಗೆ ಒಂದರಂತೆ ಸಿಗುತ್ತವೆ.

ಇನ್ನು ಗಡಿಯಾರದ ಲೆಕ್ಕ. ವಲಸಿಗರಾದ ನಮಗೆ ಇದನ್ನು ಕಲಿಸಬೇಕಾಗಿಲ್ಲ. ಇಲ್ಲಿ ರಾತ್ರಿ ಹತ್ತಾದರೆ ಬೆಂಗಳೂರಿನಲ್ಲಿ ಸಂಜೆ ಐದೂವರೆ, ಬೇಸಿಗೆಯಲ್ಲಿ ಗಡಿಯಾರ ಮುಂದಿಟ್ಟ ಮೇಲೆ ನಾಲ್ಕೂವರೆ. ರಾತ್ರಿ ಒಂಬತ್ತಕ್ಕೆ ಎಂಟು ಗಂಟೆಯ ಶಿಫ್ಟ್ ಶುರು ಮಾಡಿದ ನರ್ಸ್ ಬೆಳಗಿನ ಐದಕ್ಕೆ ಮನೆಗೆ ಹೊರಡುತ್ತಾರೆ, ಹದಿನೇಳಕ್ಕಲ್ಲ. ಹನ್ನೆರಡು ತುಂಬಿದೊಡನೆ ಅದನ್ನು ಕಳೆದು ಶೇಷವನ್ನು ಮಾತ್ರ ಇಟ್ಟುಕೊಳ್ಳುತ್ತೇವೆ. ನಿಮ್ಮ ಫೋನು ಮಾಡುವುದೂ ಇದನ್ನೇ. ಒಂದೇ ವ್ಯತ್ಯಾಸವೆಂದರೆ ಅದರ ಗಡಿಯಾರದಲ್ಲಿ ಹನ್ನೆರಡರ ಬದಲು ಆ 77 ಅಂಕಿಯ ಸಂಖ್ಯೆಯಷ್ಟು ಗಂಟೆಗಳಿವೆ.

ಗಂಟೆಗಳ ಎಣಿಕೆ ಅವಿಭಾಜ್ಯವೇ ಆಗಿರಬೇಕೇಕೆ? ಹನ್ನೆರಡರ ಗಡಿಯಾರದ ದೋಷ ನೋಡಿ. ಮೂರು ಗಂಟೆಗೊಮ್ಮೆ ಔಷಧಿ ತೆಗೆದುಕೊಂಡರೆ 12, 3, 6, 9 ಇಷ್ಟರಲ್ಲೇ ಸುತ್ತುತ್ತೀರಿ, ಉಳಿದ ಎಂಟು ಗಂಟೆಗಳ ಮುಖವನ್ನೇ ನೋಡುವುದಿಲ್ಲ. ಈ ಗಡಿಯಾರದಲ್ಲಿ 3ನ್ನು 4ರಿಂದ ಗುಣಿಸಿದರೆ 12, ಅಂದರೆ ಸೊನ್ನೆ. ಸೊನ್ನೆಯಲ್ಲದ ಎರಡನ್ನು ಗುಣಿಸಿ ಸೊನ್ನೆ ಬಂದಿತು! ಭಾಗಾಕಾರವಂತೂ ಕೆಟ್ಟೇ ಹೋಗುತ್ತದೆ. ನಾಲ್ಕನ್ನು ಯಾವುದರಿಂದ ಗುಣಿಸಿದರೆ ಎಂಟು ಎಂದು ಕೇಳಿದರೆ 2, 5, 8, 11 ಎಲ್ಲವೂ ‘ನಾನೇ’ ಎಂದು ಕೈ ಎತ್ತುತ್ತವೆ. ಅವಿಭಾಜ್ಯ ಸಂಖ್ಯೆಯ ಗಡಿಯಾರದಲ್ಲಿ ಈ ರಗಳೆ ಇಲ್ಲ. ಎರಡು ಸಂಖ್ಯೆಗಳ ಗುಣಲಬ್ಧವನ್ನು ಒಂದು ಅವಿಭಾಜ್ಯ ನಿಶ್ಶೇಷವಾಗಿ ಭಾಗಿಸಿದರೆ ಆ ಎರಡರಲ್ಲಿ ಒಂದನ್ನಾದರೂ ಅದು ಭಾಗಿಸಲೇಬೇಕು, ಅದರ ಜಾಯಮಾನವೇ ಹಾಗೆ. ಆದ್ದರಿಂದ ಕೂಡು, ಕಳೆ, ಗುಣಿಸು, ಭಾಗಿಸು ನಾಲ್ಕೂ ಅಲ್ಲಿ ಅಚ್ಚುಕಟ್ಟಾಗಿ ನಡೆಯುತ್ತವೆ. ಒಂದೇ ಅಳತೆಯ ಹೆಜ್ಜೆಯನ್ನು ಕೂಡುತ್ತಾ ಹೋದರೆ ಔಷಧಿಯ ಲೆಕ್ಕದಂಥ ಸಣ್ಣ ಸುತ್ತಿಗೆ ಸಿಕ್ಕಿಬೀಳುವುದಿಲ್ಲ.

ಈಗ 23 ಗಂಟೆಗಳ ಒಂದು ಪುಟ್ಟ ಗಡಿಯಾರ ಇಟ್ಟುಕೊಂಡು ಐದನ್ನು ಐದರಿಂದ ಗುಣಿಸುತ್ತಾ ಹೋಗೋಣ. ಪ್ರತಿ ಸಲವೂ 23ರಿಂದ ಭಾಗಿಸಿ ಶೇಷ ಮಾತ್ರ ಬರೆಯುವುದು. 5, 2, 10, 4, 20, 8, 17, 16, 11, 9, 22, 18, 21, 13, 19, 3, 15, 6, 7, 12, 14, 1. ಇಪ್ಪತ್ತೆರಡು ಹೆಜ್ಜೆ, ಇಪ್ಪತ್ತೆರಡು ಬೇರೆಬೇರೆ ಸಂಖ್ಯೆ, ಒಂದೂ ಬಿಟ್ಟಿಲ್ಲ, ಒಂದೂ ಮರುಕಳಿಸಿಲ್ಲ. ಸಾಲನ್ನು ಇನ್ನೊಮ್ಮೆ ನೋಡಿ. ಏರುವುದಕ್ಕೂ ಇಳಿಯುವುದಕ್ಕೂ ಒಂದು ಕ್ರಮ ಕಾಣುತ್ತದೆಯೇ? ಎಂಟನೇ ಹೆಜ್ಜೆಯಲ್ಲಿ 16, ಒಂಬತ್ತರಲ್ಲಿ 11, ಹತ್ತರಲ್ಲಿ 9, ಹನ್ನೊಂದರಲ್ಲಿ 22. ಜಾತ್ರೆಯಲ್ಲಿ ಜನ ಚದುರಿದ ಹಾಗೆ.

ಮಗಳು ಮೆಲ್ಬರ್ನಿನಲ್ಲಿದ್ದಾಳೆ, ಅಮ್ಮ ದಾವಣಗೆರೆಯಲ್ಲಿ. ಮಗಳು ಮನಸ್ಸಿನಲ್ಲಿ 9 ಎಂದಿಟ್ಟುಕೊಂಡು ಸಾಲಿನ ಒಂಬತ್ತನೇ ಸಂಖ್ಯೆಯಾದ 11ನ್ನು ಬಹಿರಂಗವಾಗಿ ಕಳಿಸುತ್ತಾಳೆ. ಅಮ್ಮ 13 ಎಂದಿಟ್ಟುಕೊಂಡು ಹದಿಮೂರನೆಯದಾದ 21ನ್ನು ಕಳಿಸುತ್ತಾರೆ. ಮಗಳು ತನಗೆ ಬಂದ 21ನ್ನು ಒಂಬತ್ತು ಸಲ ಗುಣಿಸಿ ಶೇಷ ತೆಗೆದರೆ 17. ಅಮ್ಮ ತಮಗೆ ಬಂದ 11ನ್ನು ಹದಿಮೂರು ಸಲ ಗುಣಿಸಿ ಶೇಷ ತೆಗೆದರೆ ಅದೂ 17. ಆಶ್ಚರ್ಯವೇನಿಲ್ಲ, ಇಬ್ಬರೂ ಐದನ್ನು 9 ಗುಣಿಸು 13 ಸಲ ಗುಣಿಸಿದ್ದಾರೆ, ಹಿಂದುಮುಂದಾಗಿ ಅಷ್ಟೆ. ಈಗ ಇಬ್ಬರ ಕೈಯಲ್ಲೂ ಒಂದೇ ಬೀಗದ ಕೈ ಇದೆ, ಅದು 17. ಅದನ್ನು ಯಾರೂ ಯಾರಿಗೂ ಕಳಿಸಲೇ ಇಲ್ಲ. ನಡುವೆ ಕದ್ದು ಕೇಳಿದವನಿಗೆ ಸಿಕ್ಕಿದ್ದು 5, 23, 11, 21 ಇಷ್ಟೇ. ಅವನಿಗೆ ಬೇಕಾಗಿರುವುದು ‘ಐದನ್ನು ಎಷ್ಟು ಸಲ ಗುಣಿಸಿದರೆ 11’ ಎಂಬ ಉತ್ತರ. ಇದನ್ನು 1976ರಲ್ಲಿ ಲೋಕದ ಮುಂದಿಟ್ಟವರು ವಿಟ್‌ಫೀಲ್ಡ್ ಡಿಫಿ ಮತ್ತು ಮಾರ್ಟಿನ್ ಹೆಲ್‌ಮನ್. ನಮ್ಮ ಅಮ್ಮಂದಿರು ಹಸಿರು ಗುಂಡಿ ಒತ್ತುತ್ತಾರೆ, ಮಿಕ್ಕಿದ್ದನ್ನು ಫೋನು ನೋಡಿಕೊಳ್ಳುತ್ತದೆ.

23 ಆದರೆ ಕಳ್ಳ ಪಟ್ಟಿ ನೋಡಿ ಒಂದು ನಿಮಿಷದಲ್ಲಿ ಹೇಳಿಬಿಡುತ್ತಾನೆ. 77 ಅಂಕಿಯಾದರೆ ಪಟ್ಟಿಯನ್ನು ಬರೆಯುವಷ್ಟು ಕಾಗದ ಭೂಮಿಯ ಮೇಲಿಲ್ಲ. ಆದರೆ ಗಾತ್ರವೊಂದೇ ಕಾರಣ ಎಂದುಕೊಳ್ಳಬೇಡಿ. ಇದಕ್ಕೆ ನಮ್ಮ ಬೆಂಗಳೂರಿನ ಶಕುಂತಲಾ ದೇವಿಯವರನ್ನೇ ಸಾಕ್ಷಿಗೆ ಕರೆಯುತ್ತೇನೆ. 1977ರಲ್ಲಿ ಅಮೆರಿಕದ ಡಲ್ಲಾಸ್‌ನ ಸದರ್ನ್ ಮೆಥಡಿಸ್ಟ್ ಯೂನಿವರ್ಸಿಟಿಯಲ್ಲಿ 201 ಅಂಕಿಯ ಸಂಖ್ಯೆಯೊಂದರ 23ನೇ ಮೂಲವನ್ನು ಅವರು 50 ಸೆಕೆಂಡಿನಲ್ಲಿ ಹೇಳಿದರು. ಉತ್ತರ 546372891. ನಮ್ಮ ಸಂಖ್ಯೆಗಿಂತ ಎರಡೂವರೆ ಪಟ್ಟು ಉದ್ದದ ಸಂಖ್ಯೆ, ಆದರೂ ಸಾಧ್ಯವಾಯಿತು. ಏಕೆಂದರೆ ಸಾಮಾನ್ಯ ಅಂಕಗಣಿತದಲ್ಲಿ ಸಂಖ್ಯೆ ದೊಡ್ಡದಾದರೆ ಅದರ ಮೂಲವೂ ದೊಡ್ಡದು. ಊಹಿಸಿದ್ದು ಹೆಚ್ಚಾಯಿತೋ ಕಡಿಮೆಯಾಯಿತೋ ತಿಳಿಯುತ್ತದೆ, ತಿದ್ದಿಕೊಳ್ಳುತ್ತಾ ಹತ್ತಿರ ಹೋಗಬಹುದು. ಗಡಿಯಾರದ ಲೆಕ್ಕದಲ್ಲಿ ‘ಹತ್ತಿರ’ ಎಂಬ ಮಾತೇ ಇಲ್ಲ. ಒಂಬತ್ತನೇ ಹೆಜ್ಜೆಯ 11ಕ್ಕೂ ಹತ್ತನೆಯದರ 9ಕ್ಕೂ ನಂಟಿದೆ ಎಂದು ನೋಡಿದರೆ ಹನ್ನೊಂದನೆಯದು 22ಕ್ಕೆ ಜಿಗಿದಿರುತ್ತದೆ. ಒಂದು ಹೆಜ್ಜೆ ತಪ್ಪಾಗಿ ಊಹಿಸಿದವನಿಗೂ ಕೋಟಿ ಹೆಜ್ಜೆ ತಪ್ಪಾಗಿ ಊಹಿಸಿದವನಿಗೂ ಸಿಗುವ ಸುಳಿವು ಒಂದೇ, ಅದು ಶೂನ್ಯ. ಶಕುಂತಲಾ ದೇವಿಯವರ ಪ್ರತಿಭೆಗೂ ಇಲ್ಲಿ ಹಿಡಿಯಲು ಕೊಂಬೆ ಸಿಗುತ್ತಿರಲಿಲ್ಲ.

ವಾಟ್ಸ್‌ಆ್ಯಪ್‌ನೊಳಗೆ ನಡೆಯುವುದು ಇದರ ಇನ್ನೊಂದು ಸುಧಾರಿತ ರೂಪ. ಅಲ್ಲಿ ಸಂಖ್ಯೆಗಳ ಬದಲು ಒಂದು ವಕ್ರರೇಖೆಯ ಮೇಲಿನ ಬಿಂದುಗಳಿವೆ. ಡೇನಿಯಲ್ ಬರ್ನ್‌ಸ್ಟೈನ್ ಎಂಬ ಗಣಿತಜ್ಞ 2005ರಲ್ಲಿ ರೂಪಿಸಿ 2006ರಲ್ಲಿ ಪ್ರಕಟಿಸಿದ ಆ ರೇಖೆಯ ಹೆಸರು ಕರ್ವ್25519. ಹೆಸರಿನಲ್ಲೇ ನಮ್ಮ 255 ಮತ್ತು 19 ಕೂತಿವೆ. ಒಂದು ನಿಗದಿತ ಬಿಂದುವಿನಿಂದ ಹೊರಟು ಎಷ್ಟು ನೆಗೆತ ನೆಗೆದೆವು ಎಂಬುದೇ ಗುಟ್ಟು, ಎಲ್ಲಿ ಬಂದು ನಿಂತೆವು ಎಂಬುದು ಬಹಿರಂಗ. ಆ ಬಿಂದುಗಳ ವಿಳಾಸಗಳನ್ನೆಲ್ಲ ನಮ್ಮ 77 ಅಂಕಿಯ ಗಡಿಯಾರದಲ್ಲೇ ಲೆಕ್ಕ ಹಾಕುತ್ತಾರೆ. 2016ರ ಏಪ್ರಿಲ್‌ನಿಂದ ವಾಟ್ಸ್‌ಆ್ಯಪ್‌ನ ಎಲ್ಲರ ಮಾತಿಗೂ ಈ ಬೀಗ ಬಿದ್ದಿದೆ.

ಹಾಗಾದರೆ ಬರ್ನ್‌ಸ್ಟೈನ್ ಇದೇ ಸಂಖ್ಯೆಯನ್ನೇಕೆ ಆರಿಸಿದರು? ಇದರ ಉತ್ತರ ನನಗೆ ಬಹಳ ಇಷ್ಟ, ಏಕೆಂದರೆ ಅದು ನಮ್ಮ ಪ್ರೈಮರಿ ಶಾಲೆಯ ಒಂದು ಉಪಾಯ. ಒಂಬತ್ತರಿಂದ ಭಾಗಿಸಿದರೆ ಶೇಷವೆಷ್ಟು ಎಂದು ತಿಳಿಯಲು ಮೇಷ್ಟ್ರು ಅಂಕಿಗಳನ್ನು ಕೂಡಿಸಲು ಹೇಳುತ್ತಿದ್ದರಲ್ಲ? ಹತ್ತನ್ನು ಒಂಬತ್ತರಿಂದ ಭಾಗಿಸಿದರೆ ಒಂದು ಉಳಿಯುತ್ತದೆ, ಹಾಗಾಗಿ ಪ್ರತಿ ಹತ್ತರ ಜಾಗದಲ್ಲಿ ಒಂದು ಬರೆದರೆ ಆಯಿತು. ಈಗ 97 ತೆಗೆದುಕೊಳ್ಳಿ, ಅದೂ ಅವಿಭಾಜ್ಯವೇ, ನೂರಕ್ಕೆ ಮೂರು ಕಡಿಮೆ. 4523ನ್ನು 97ರಿಂದ ಭಾಗಿಸಿದರೆ ಶೇಷವೆಷ್ಟು? ಉದ್ದನೆಯ ಭಾಗಾಕಾರ ಬೇಡ. ಪ್ರತಿ ನೂರರ ಬದಲು ಮೂರು ಹಾಕಿ. 45 ನೂರುಗಳಿಗೆ 135, ಉಳಿದ 23 ಸೇರಿ 158. ಅದರಲ್ಲೂ ಒಂದು ನೂರಿದೆ, ಅದಕ್ಕೆ 3, ಉಳಿದ 58 ಸೇರಿ 61. ಅದೇ ಉತ್ತರ.

ಕಂಪ್ಯೂಟರಿಗೆ ನಮ್ಮ ಹತ್ತು, ನೂರು ಇದ್ದಂತೆ ಎರಡರ ಘಾತಗಳು. ನಮ್ಮ ಸಂಖ್ಯೆ ಎರಡರ 255ನೇ ಘಾತಕ್ಕೆ ಬರೀ 19 ಕಡಿಮೆ. ಆದ್ದರಿಂದ ಎರಡು ದೊಡ್ಡ ಸಂಖ್ಯೆಗಳನ್ನು ಗುಣಿಸಿದ ಮೇಲೆ ಬಂದದ್ದನ್ನು ನಡುವೆ ಕತ್ತರಿಸಿ, ಮೇಲಿನ ಅರ್ಧವನ್ನು 19ರಿಂದ ಗುಣಿಸಿ ಕೆಳಗಿನ ಅರ್ಧಕ್ಕೆ ಕೂಡಿಸಿದರೆ ಶೇಷ ಹೆಚ್ಚುಕಡಿಮೆ ಸಿಕ್ಕಿದ ಹಾಗೆಯೇ. ಸೀರೆ ಮಡಿಸಿದಷ್ಟು ಸುಲಭ. ಒಂದು ಕರೆಗೆ ಇಂಥ ಗುಣಾಕಾರ ಸಾವಿರಾರು ನಡೆಯುತ್ತವೆ. ಹಳೆಯ, ಪರದೆ ಒಡೆದ, ಬ್ಯಾಟರಿ ಸೋತ ಅಮ್ಮನ ಫೋನೂ ಕಣ್ಣು ಮಿಟುಕಿಸುವುದರೊಳಗೆ ಮುಗಿಸುತ್ತದೆ. ಬರ್ನ್‌ಸ್ಟೈನ್ ಮುಂದೆ ಇಂಥವೇ ಇನ್ನೂ ಕೆಲವು ಅವಿಭಾಜ್ಯಗಳಿದ್ದವು. ಎರಡರ 255ನೇ ಘಾತಕ್ಕೆ 31 ಕಡಿಮೆ, 95 ಹೆಚ್ಚು, 254ನೇ ಘಾತಕ್ಕೆ 79 ಹೆಚ್ಚು, ಹೀಗೆ. ಇವೆಲ್ಲಕ್ಕಿಂತ 19 ಚಿಕ್ಕದು ಎಂಬುದೇ ಆಯ್ಕೆಗೆ ಕಾರಣ ಎಂದು ಅವರು ಬರೆದುಕೊಂಡಿದ್ದಾರೆ. ಇದರಲ್ಲಿ ಒಂದು ನೈತಿಕ ಲಾಭವೂ ಇದೆ. ಭದ್ರತೆಯ ಲೆಕ್ಕದಲ್ಲಿ ಯಾರಾದರೂ ಕಾರಣ ಹೇಳದೆ ವಿಚಿತ್ರ ಸಂಖ್ಯೆಯೊಂದನ್ನು ತಂದಿಟ್ಟರೆ, ಹಿಂಬಾಗಿಲು ಇಟ್ಟಿದ್ದಾರೋ ಏನೋ ಎಂಬ ಅನುಮಾನ ಬರಲೇಬೇಕು. ಇಲ್ಲಿ ಆ ಅನುಮಾನಕ್ಕೆ ಜಾಗವಿಲ್ಲ.

ಸರಿ, ಆದರೆ ಇದು ನಿಜಕ್ಕೂ ಅವಿಭಾಜ್ಯ ಎಂದು ಯಾರು ಕಂಡರು? ಒಂದೊಂದೇ ಸಂಖ್ಯೆಯಿಂದ ಭಾಗಿಸಿ ನೋಡುತ್ತಾ ಹೋದರೆ ಸೂರ್ಯ ಆರಿಹೋದರೂ ಮುಗಿಯದು. ದಾರಿ ಬೇರೆ ಇದೆ. 23ರ ಗಡಿಯಾರದಲ್ಲಿ ಇಪ್ಪತ್ತೆರಡನೇ ಹೆಜ್ಜೆಗೆ 1 ಬಂದದ್ದನ್ನು ಗಮನಿಸಿದಿರಾ? ಅದು ಕಾಕತಾಳೀಯವಲ್ಲ. ಅವಿಭಾಜ್ಯ ಸಂಖ್ಯೆಯ ಗಡಿಯಾರದಲ್ಲಿ ಸೊನ್ನೆಯಲ್ಲದ ಯಾವ ಸಂಖ್ಯೆಯಿಂದ ಹೊರಟರೂ, ಗಡಿಯಾರದ ಗಂಟೆಗಳಿಗಿಂತ ಒಂದು ಕಡಿಮೆ ಹೆಜ್ಜೆಗೆ 1 ಬರಲೇಬೇಕು ಎಂದು ಫ್ರಾನ್ಸಿನ ಫರ್ಮಾ 17ನೇ ಶತಮಾನದಲ್ಲಿ ಕಂಡುಕೊಂಡ. ಬರದಿದ್ದರೆ ಅದು ಅವಿಭಾಜ್ಯವಲ್ಲ, ಮುಗಿಯಿತು. ಅಷ್ಟು ಹೆಜ್ಜೆ ನಡೆಯಬೇಕಾಗಿಯೂ ಇಲ್ಲ, ವರ್ಗ ಮಾಡುತ್ತಾ ಹೋದರೆ ಹೆಜ್ಜೆ ಪ್ರತಿ ಸಲ ಇಮ್ಮಡಿಯಾಗುತ್ತದೆ, ನಮ್ಮ ಸಂಖ್ಯೆಗೆ 254 ವರ್ಗಗಳು ಮತ್ತು ನಡುವೆ ಕೆಲವು ಗುಣಾಕಾರಗಳು ಸಾಕು. 1 ಬಂದರೆ ಮಾತ್ರ ತಕ್ಷಣ ನಂಬುವಂತಿಲ್ಲ. 561ರಂಥ ಮೋಸಗಾರರಿದ್ದಾರೆ, ಅದು 3, 11, 17ರ ಗುಣಲಬ್ಧವಾಗಿದ್ದರೂ ಈ ಪರೀಕ್ಷೆಯಲ್ಲಿ ಅವಿಭಾಜ್ಯದ ವೇಷ ಹಾಕುತ್ತದೆ.

ಹಾಗಾಗಿ ಪಕ್ಕಾ ಪ್ರಮಾಣಪತ್ರ ಬೇಕು. ನಮ್ಮ ಸಂಖ್ಯೆಯಿಂದ ಒಂದು ಕಳೆದರೆ ಬರುವುದನ್ನು ಬಿಡಿಸಿದರೆ 4, 3, 65147 ಮತ್ತು 71 ಅಂಕಿಯ ಮತ್ತೊಂದು ಅವಿಭಾಜ್ಯ ಸಿಗುತ್ತವೆ. ಈ ಬಿಡಿಭಾಗಗಳು ತಿಳಿದಿದ್ದರೆ, 1ಕ್ಕೆ ಕೊನೆಯಲ್ಲಿ ಮಾತ್ರ ಬಂದು ತಲುಪುವ, ನಡುವೆ ಎಲ್ಲೂ ಮುಟ್ಟದ ಒಂದು ಸಂಖ್ಯೆಯನ್ನು ತೋರಿಸಿ ಅವಿಭಾಜ್ಯತೆಯನ್ನು ಸಿದ್ಧಪಡಿಸಬಹುದು. ಆ 71 ಅಂಕಿಯದ್ದು ಅವಿಭಾಜ್ಯ ಎಂದು ಯಾರು ಹೇಳಿದರು ಎಂದು ಕೇಳಿದರೆ, ಅದರಿಂದಲೂ ಒಂದು ಕಳೆದು ಬಿಡಿಸಬೇಕು. ಹೀಗೆ ಅಪ್ಪ, ಅಜ್ಜ, ಮುತ್ತಜ್ಜ ಎಂದು ವಂಶವೃಕ್ಷ ಹಿಡಿದು ಚಿಕ್ಕ ಸಂಖ್ಯೆಗಳವರೆಗೆ ಇಳಿಯುತ್ತಾರೆ. (ಯಾವುದೇ ಸಂಖ್ಯೆ ಅವಿಭಾಜ್ಯವೇ ಎಂದು ಖಚಿತವಾಗಿ, ವೇಗವಾಗಿ ಹೇಳುವ ಸಾಮಾನ್ಯ ವಿಧಾನವೊಂದಿದೆ ಎಂದು 2002ರಲ್ಲಿ ಮೊದಲು ತೋರಿಸಿದವರು ಕಾನ್‌ಪುರ ಐಐಟಿಯ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ. ಹೆಮ್ಮೆ ಪಡಲು ಅಡ್ಡಿಯಿಲ್ಲ.)

ಅವಿಭಾಜ್ಯವೋ ಅಲ್ಲವೋ ಎಂದು ಹೇಳುವುದು ಒಂದು, ಅಲ್ಲದಿದ್ದರೆ ಅದನ್ನು ಒಡೆದು ತೋರಿಸುವುದು ಇನ್ನೊಂದು. ಎರಡಕ್ಕೂ ಎಷ್ಟು ದೂರ ಎಂಬುದನ್ನು ಹೇಳಲು ನಮ್ಮ ಸಂಖ್ಯೆಯ ನೆರೆಯವನೊಬ್ಬನ ಕಥೆ ಇದೆ. ಕಥೆಯ ಅರ್ಧ ಈ ದೇಶದ್ದೇ.

3, 5, 17, 257, 65537 ಎಂಬ ಸಾಲನ್ನು ನೋಡಿ ಫರ್ಮಾ, ಈ ಸಾಲಿನಲ್ಲಿ ಬರುವುದೆಲ್ಲ ಅವಿಭಾಜ್ಯವೇ ಎಂದು ನಂಬಿದ್ದ. ಮುಂದಿನದಾದ 4294967297ನ್ನು 1732ರಲ್ಲಿ ಆಯ್ಲರ್ 641 ಗುಣಿಸು 6700417 ಎಂದು ಒಡೆದುಬಿಟ್ಟ. ಅದೇ ಸಾಲಿನಲ್ಲಿ ಇನ್ನೂ ಮೂರು ಮೆಟ್ಟಿಲು ಮೇಲೆ, ಎರಡರ 256ನೇ ಘಾತಕ್ಕೆ ಒಂದು ಸೇರಿಸಿದ 78 ಅಂಕಿಯ ಸಂಖ್ಯೆಯಿದೆ. ನಮ್ಮದರ ಎರಡರಷ್ಟಕ್ಕಿಂತ ಕೂದಲೆಳೆ ಹೆಚ್ಚು. 1909ರಲ್ಲಿ, ಕಂಪ್ಯೂಟರ್ ಎಂಬುದೇ ಇಲ್ಲದ ಕಾಲದಲ್ಲಿ, ಮೋರ್‌ಹೆಡ್ ಮತ್ತು ವೆಸ್ಟರ್ನ್ ಎಂಬಿಬ್ಬರು ವರ್ಗದ ಮೇಲೆ ವರ್ಗ ಮಾಡುತ್ತಾ 255 ಸಲ ಶೇಷ ತೆಗೆದು, ಇದು ಅವಿಭಾಜ್ಯವಲ್ಲ ಎಂದು ತೀರ್ಪು ಕೊಟ್ಟರು. ಆದರೆ ಅದರ ಒಂದೇ ಒಂದು ಅಪವರ್ತನವನ್ನೂ ಅವರು ಹೇಳಲಿಲ್ಲ, ಹೇಳಲು ಸಾಧ್ಯವೂ ಇರಲಿಲ್ಲ. ಕಳ್ಳತನ ಆಗಿದೆ ಎಂದು ಸಾಬೀತು, ಕಳ್ಳ ಮಾತ್ರ ನಾಪತ್ತೆ. 71 ವರ್ಷ ಹಾಗೇ ಕಳೆಯಿತು.

1980ರಲ್ಲಿ ಅದನ್ನು ಒಡೆದವರು ರಿಚರ್ಡ್ ಬ್ರೆಂಟ್ ಮತ್ತು ಇಂಗ್ಲೆಂಡಿನ ಜಾನ್ ಪೊಲಾರ್ಡ್. ಬ್ರೆಂಟ್ ಹುಟ್ಟಿದ್ದು 1946ರಲ್ಲಿ ಮೆಲ್ಬರ್ನಿನಲ್ಲಿ, ಓದಿದ್ದು ಮೊನಾಶ್‌ನಲ್ಲಿ. ಆಗ ಕೆಲಸದಲ್ಲಿದ್ದದ್ದು ಕ್ಯಾನ್‌ಬೆರಾದ ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿಯಲ್ಲಿ. ಸಿಡ್ನಿಯವರೂ ಮೆಲ್ಬರ್ನಿನವರೂ ‘ನಮ್ಮವರು’ ಎಂದು ಜಗಳವಾಡುವ ಹಾಗಿಲ್ಲ, ಮನುಷ್ಯ ನಡುದಾರಿಯಲ್ಲಿ ನಿಂತಿದ್ದರು. ಸಿಕ್ಕ ಅಪವರ್ತನ 1238926361552897, ಹದಿನಾರು ಅಂಕಿ. ಉಳಿದದ್ದು 62 ಅಂಕಿಯ ಅವಿಭಾಜ್ಯ. ಅವರು ಬಳಸಿದ ಉಪಾಯ ಪೊಲಾರ್ಡರದ್ದು, ಅದನ್ನು ಚುರುಕುಗೊಳಿಸಿದ್ದು ಬ್ರೆಂಟ್. ಗಡಿಯಾರದೊಳಗೆ ಗೊತ್ತುಗುರಿಯಿಲ್ಲದ ಹಾಗೆ ಅಲೆಯುತ್ತಾ ಹೋದರೆ ಎಂದಾದರೂ ಒಮ್ಮೆ ಹಿಂದೆ ತುಳಿದ ಜಾಗವನ್ನೇ ತುಳಿಯುತ್ತೀರಿ, ಅಲ್ಲಿಂದ ಮುಂದೆ ಸುತ್ತು ಬೀಳುತ್ತೀರಿ. ಆ ಸುತ್ತು ಅಪವರ್ತನವನ್ನು ಬಿಟ್ಟುಕೊಡುತ್ತದೆ. ಒಂದು ಕೋಣೆಯಲ್ಲಿ 23 ಜನ ಸೇರಿದರೆ ಇಬ್ಬರ ಹುಟ್ಟುಹಬ್ಬ ಒಂದೇ ದಿನ ಇರುವ ಸಂಭವ ಅರ್ಧಕ್ಕಿಂತ ಹೆಚ್ಚು ಎನ್ನುತ್ತಾರಲ್ಲ, ಅದೇ ತತ್ವ.

ನಮ್ಮ ವಕ್ರರೇಖೆಯ ಮೇಲೆ ಇಂದಿನ ಕಂಪ್ಯೂಟರುಗಳು ಮಾಡಬಹುದಾದ, ಈವರೆಗೆ ತಿಳಿದ ಅತ್ಯುತ್ತಮ ದಾಳಿಯೂ ಇದೇ ಅಲೆದಾಟದ ಜಾತಿಯದು. ಅದಕ್ಕೆ ಬೇಕಾದ ಹೆಜ್ಜೆಗಳು ಸುಮಾರು ಎರಡರ 126ನೇ ಘಾತದಷ್ಟು. ಸೆಕೆಂಡಿಗೆ ನೂರು ಕೋಟಿ ಗುಣಿಸು ನೂರು ಕೋಟಿ ಹೆಜ್ಜೆ ಹಾಕುವ ಯಂತ್ರವಿದ್ದರೂ ಎರಡು ಲಕ್ಷ ಕೋಟಿ ವರ್ಷಗಳಿಗೂ ಹೆಚ್ಚು ಬೇಕು. ವಿಶ್ವದ ವಯಸ್ಸು 1380 ಕೋಟಿ ವರ್ಷ. ಅಮ್ಮ ಹೇಳಿದ ಹುಳಿಪುಡಿಯ ಅಳತೆ ಅಷ್ಟು ದಿನ ಗುಟ್ಟಾಗಿರುತ್ತದೆ.

ಇದೇ ಕಾರಣಕ್ಕೆ ಸರ್ಕಾರಗಳಿಗೆ ತಲೆನೋವು. 2017ರ ಜುಲೈನಲ್ಲಿ ಅಂದಿನ ಪ್ರಧಾನಿ ಮಾಲ್ಕಮ್ ಟರ್ನ್‌ಬುಲ್ ಪತ್ರಕರ್ತರ ಮುಂದೆ, ಗಣಿತದ ನಿಯಮಗಳು ಮೆಚ್ಚತಕ್ಕವೇ ಆದರೂ ಆಸ್ಟ್ರೇಲಿಯಾದಲ್ಲಿ ನಡೆಯುವುದು ಆಸ್ಟ್ರೇಲಿಯಾದ ಕಾನೂನು ಮಾತ್ರ ಎಂಬರ್ಥದ ಮಾತಾಡಿದರು. ಲೋಕವೆಲ್ಲ ನಕ್ಕಿತು. ನನಗೆ ಆ ನಗುವಿನಲ್ಲಿ ಪೂರ್ತಿ ಸೇರಲು ಮನಸ್ಸಾಗಲಿಲ್ಲ. ಭಯೋತ್ಪಾದಕರ, ಮಕ್ಕಳನ್ನು ಪೀಡಿಸುವವರ ಸಂದೇಶಗಳನ್ನು ಓದಲು ಪೊಲೀಸರಿಗೆ ದಾರಿ ಬೇಕು ಎಂಬುದು ಹುಡುಗಾಟದ ಮಾತಲ್ಲ. ಆದರೆ 23ರ ಗಡಿಯಾರಕ್ಕೆ ಮತ್ತೆ ಬನ್ನಿ. ‘ಒಳ್ಳೆಯವರು ಕೇಳಿದರೆ ಮಾತ್ರ 11ರಿಂದ 9ನ್ನು ಹೇಳಿಬಿಡು’ ಎಂದು ಆ ಸಾಲಿಗೆ ಹೇಳಲು ಬರುವುದಿಲ್ಲ. ಕೇಳುವವನು ಪೊಲೀಸನೋ ಪೋಲಿಯೋ ಎಂದು ಶೇಷಕ್ಕೆ ಗೊತ್ತಾಗದು. 2018ರ ಡಿಸೆಂಬರ್ 6ರಂದು ಸಂಸತ್ತು ಒಪ್ಪಿದ ಅಸಿಸ್ಟೆನ್ಸ್ ಅಂಡ್ ಆ್ಯಕ್ಸೆಸ್ ಕಾಯ್ದೆಯೂ ಕೊನೆಗೆ ಸಂಖ್ಯೆಯ ತಂಟೆಗೆ ಹೋಗಲಿಲ್ಲ. ಕಂಪನಿಗಳಿಂದ ತಾಂತ್ರಿಕ ನೆರವು ಕೇಳುವ, ಕಡ್ಡಾಯ ಮಾಡುವ ಅಧಿಕಾರ ಕೊಟ್ಟಿತು. ಎಲ್ಲರ ಬೀಗವನ್ನೂ ಒಟ್ಟಾಗಿ ಸಡಿಲಿಸುವ ದೌರ್ಬಲ್ಯವನ್ನು ತರುವಂತೆ ಒತ್ತಾಯಿಸಬಾರದು ಎಂದೂ ಬರೆಯಿತು. ಆ ಗೆರೆ ಎಲ್ಲಿದೆ ಎಂಬ ವಾದ ಇನ್ನೂ ಮುಗಿದಿಲ್ಲ, ಇಲ್ಲಿ ತೆರಿಗೆ ಕಟ್ಟುವ ನಾವೂ ಆ ವಾದದಲ್ಲಿ ಮಾತಾಡಬೇಕಾದವರೇ.

ಕಳ್ಳರು ಈ ಪಾಠವನ್ನು ಸರ್ಕಾರಗಳಿಗಿಂತ ಬೇಗ ಕಲಿತರು. ಅವರು ಸಂಖ್ಯೆಯ ಹತ್ತಿರ ಸುಳಿಯುವುದೇ ಇಲ್ಲ. ‘ನಿಮ್ಮ ವೀಸಾ ರದ್ದಾಗುತ್ತದೆ’, ‘ಊರಿನಲ್ಲಿ ನಿಮ್ಮ ಹೆಸರಿನಲ್ಲಿ ಪಾರ್ಸೆಲ್ ಸಿಕ್ಕಿದೆ’, ‘ಈಗ ಬಂದ ಆರು ಅಂಕಿಯ ಕೋಡ್ ಹೇಳಿ’ ಎಂದು ನೇರ ನಿಮ್ಮನ್ನೇ ಕೇಳುತ್ತಾರೆ. 77 ಅಂಕಿ ಒಡೆಯಲಾರದವನಿಗೆ ಆರು ಅಂಕಿ ಸಾಕು. ಆ ಆರನ್ನು ಕಾಯುವ ಗಣಿತ ಯಾವುದೂ ಇಲ್ಲ, ನಿಮ್ಮ ಬಾಯಿಯೇ ಬೀಗ. ಊರಿನ ಹಿರಿಯರಿಗೆ ಮುಂದಿನ ಕರೆಯಲ್ಲಿ ಇದೊಂದನ್ನು ದಯವಿಟ್ಟು ಹೇಳಿ.

ಕೊನೆಯದಾಗಿ ಒಂದು ನಿಜವಾದ ಅಪಾಯ. 1994ರಲ್ಲಿ ಪೀಟರ್ ಶೋರ್ ಎಂಬುವರು, ಕ್ವಾಂಟಮ್ ಕಂಪ್ಯೂಟರ್ ಎಂಬುದು ಸಾಕಷ್ಟು ದೊಡ್ಡದಾಗಿ ಬಂದರೆ ಅಪವರ್ತನ ಬಿಡಿಸುವುದನ್ನೂ, ನಾವು ಈಗ ನೋಡಿದ ಹೆಜ್ಜೆ ಎಣಿಸುವುದನ್ನೂ ಅದು ಬೇಗ ಮಾಡಬಲ್ಲದು ಎಂದು ತೋರಿಸಿದರು. ಗೊತ್ತುಗುರಿಯಿಲ್ಲದಂತೆ ಕಾಣುವ ಆ ಸಾಲು ಎಷ್ಟು ಹೆಜ್ಜೆಗೆ ಮರಳಿ ಸುತ್ತುತ್ತದೆ ಎಂಬುದನ್ನು ಅದು ತಾಳ ಹಿಡಿದಂತೆ ಹಿಡಿಯುತ್ತದೆ. ಅಂಥ ಯಂತ್ರ ಕಟ್ಟುವ ಕೆಲಸ ಸಿಡ್ನಿಯಲ್ಲೂ ನಡೆದಿದೆ. ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ಮಿಶೆಲ್ ಸಿಮನ್ಸ್ ಸಿಲಿಕಾನ್‌ನಲ್ಲಿ ಒಂದೊಂದೇ ಪರಮಾಣುವನ್ನು ಕೂರಿಸಿ ಆ ದಾರಿಯಲ್ಲಿದ್ದಾರೆ. 2018ರ ವರ್ಷದ ಆಸ್ಟ್ರೇಲಿಯನ್ ಗೌರವ ಅವರಿಗೆ ಸಂದಿತ್ತು. ನಮ್ಮ ಸಂಖ್ಯೆಯನ್ನು ಬೆದರಿಸುವಷ್ಟು ದೊಡ್ಡ ಯಂತ್ರ ಇನ್ನೂ ಇಲ್ಲ. ಆದರೆ ಇವತ್ತಿನ ಬೀಗ ಹಾಕಿದ ಸಂದೇಶಗಳನ್ನು ಹಾಗೇ ಶೇಖರಿಸಿಟ್ಟು ಮುಂದೆ ಯಂತ್ರ ಬಂದಾಗ ಬಿಚ್ಚುವವರಿರಬಹುದು ಎಂಬ ಕಾರಣಕ್ಕೆ, 2030ರ ಕೊನೆಯೊಳಗೆ ಹಳೆಯ ವಿಧಾನಗಳನ್ನು ಬಿಡುವಂತೆ ಆಸ್ಟ್ರೇಲಿಯನ್ ಸಿಗ್ನಲ್ಸ್ ಡೈರೆಕ್ಟರೇಟ್ ಸಂಸ್ಥೆಗಳಿಗೆ ಹೇಳಿದೆ. ಈ ಸಭೆಯಲ್ಲಿ ಐಟಿ ಕೆಲಸದಲ್ಲಿರುವವರ ಪಾಲಿಗೆ ಮುಂದಿನ ಕೆಲವು ವರ್ಷ ಸಾಕಷ್ಟು ಓವರ್‌ಟೈಮ್ ಇದೆ.

ಸಿಗ್ನಲ್ ಆ್ಯಪ್ 2023ರಲ್ಲೇ ಹಳೆಯ ಬೀಗವನ್ನು ತೆಗೆಯದೆ ಅದರ ಪಕ್ಕದಲ್ಲಿ ಹೊಸದೊಂದನ್ನು ಜಡಿಯಿತು. ಅದೇ ಹೊಸ ವಿಧಾನದ ತಿದ್ದಿದ ರೂಪವನ್ನು ಅಮೆರಿಕದ ನಿಸ್ಟ್ ಸಂಸ್ಥೆ 2024ರ ಆಗಸ್ಟ್‌ನಲ್ಲಿ ಪ್ರಮಾಣೀಕರಿಸಿತು. ಅದರಲ್ಲೂ ಒಂದು ಅವಿಭಾಜ್ಯ ಸಂಖ್ಯೆಯ ಗಡಿಯಾರವಿದೆ. ಆದರೆ ಅಲ್ಲಿ ಕಷ್ಟವನ್ನು ಸಂಖ್ಯೆಯ ಗಾತ್ರದಲ್ಲಿ ಇಟ್ಟಿಲ್ಲ, ನೂರಾರು ಸಂಖ್ಯೆಗಳನ್ನು ಒಟ್ಟಿಗೆ ಕಲಸಿ ಸ್ವಲ್ಪ ಬೇಕೆಂದೇ ತಪ್ಪು ಬೆರೆಸುವುದರಲ್ಲಿ ಇಟ್ಟಿದ್ದಾರೆ. ಹಾಗಾಗಿ ಆ ಅವಿಭಾಜ್ಯಕ್ಕೆ ನಾಲ್ಕೇ ಅಂಕಿ, 3329. ಇದು ಅವಿಭಾಜ್ಯ ಎಂದು ಯಾರ ಮಾತನ್ನೂ ನಂಬಬೇಕಾಗಿಲ್ಲ, ನೀವೇ ನೋಡಬಹುದು. 58ರ ವರ್ಗ ಇದಕ್ಕಿಂತ ದೊಡ್ಡದು, ಆದ್ದರಿಂದ 2ರಿಂದ 53ರವರೆಗಿನ ಹದಿನಾರು ಅವಿಭಾಜ್ಯಗಳಿಂದ ಭಾಗಿಸಿದರೆ ಸಾಕು. ಪ್ಯಾರಮಟ್ಟಾದಿಂದ ಸೆಂಟ್ರಲ್‌ಗೆ ಹೋಗುವ ರೈಲಿನಲ್ಲಿ ಮುಗಿಯುವ ಕೆಲಸ. 37ಕ್ಕೆ ಬಂದಾಗ ಸ್ವಲ್ಪ ನಿಧಾನಿಸಿ. ಅಲ್ಲಿ ಶೇಷ 36, ಒಂದೇ ಒಂದರಲ್ಲಿ ತಪ್ಪಿಸಿಕೊಂಡಿದೆ.